ಹೊಗೆ ಹಾಕಲು ಹೋದ ಚಿಗವ್ವ

ಗಾಂಧಿ ಚೌಕದ ಅರಿವೆ ಅಂಗಡಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಲೋಬಾನದ ಹೊಗೆ ಹಾಕುತ್ತಾರೆ. ಮೊನ್ನೆ ಕುಪ್ಪಸದ ಖಣ ಆರಿಸುತ್ತ ಕುಳಿತಿದ್ದಾಗ ಅಂಗಡಿಯ ಮಾಲೀಕರು ಧೂಪದ ಬಟ್ಟಲನ್ನು ಗಲ್ಲಾಕ್ಕೆ ಬೆಳಗಿ, ದೇವರ ಫೋಟೋಕ್ಕೆ ಬೆಳಗಿ, ಕೊನೆಗೆ ಗಿರಾಕಿಗಳ ಕಡೆಗೂ ಒಂದು ಸುತ್ತು ತಿರುಗಿಸಿದರು. ನಾನು ಥಟ್ಟನೆ ತಲೆ ಎತ್ತಿ ಮಾಳಿಗೆಯ ಕೆಳಭಾಗವನ್ನು ನೋಡತೊಡಗಿದೆ. "ಯಾಕ್ರಿ ಟೀಚರ, ಹೊಗಿ ಆಗಂಗಿಲ್ಲೇನ್ರಿ?" ಎಂದು ಅವರು ಕೇಳಿದರು. ಆಗುತ್ತದೆ ಎಂದೆ. ಹೊಗೆ ಕಂಡರೆ ಬೊಬ್ಬೆ ಹೊಡೆಯುವ ಬಿಳಿ ಡಬ್ಬಿಯೊಂದನ್ನು ನಾನು ಹುಡುಕುತ್ತಿದ್ದೆ ಎಂದು ಅವರಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು. ನೀವು ಖಣ ಮಾರುವವರಲ್ಲ, ಪುರುಸೊತ್ತಿನಲ್ಲಿದ್ದೀರಿ.

ನಾನು ಬಬಲೇಶ್ವರದ ಸಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಆಗದಿದ್ದುದಕ್ಕೆ ಕಥೆಯೇನೂ ಇಲ್ಲ. ಬಂದ ವರಗಳಿಗೆಲ್ಲ ನಾನು ಪ್ರಶ್ನೆ ಕೇಳುತ್ತಿದ್ದೆ ಎಂದು ನಮ್ಮ ಅಕ್ಕ ಹೇಳುತ್ತಿದ್ದಳು. ಅಕ್ಕನನ್ನು ತಿಕೋಟಾದ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದರು. ಅವಳ ಒಬ್ಬಳೇ ಮಗಳು ಭಾಗ್ಯಾ. ಭಾಗ್ಯಾ ನರ್ಸಿಂಗ್ ಕಲಿಯುವಾಗಲೇ ಅಕ್ಕ ತೀರಿಕೊಂಡಳು. ಮುಂದೆ ಭಾಗ್ಯಾಳ ಮದುವೆಯಾಯಿತು. ಗಂಡನಿಗೆ ಆಸ್ಟ್ರೇಲಿಯಾದ ಗಣಿಯಲ್ಲಿ ಕೆಲಸ ಸಿಕ್ಕಿತು. ಇವಳಿಗೆ ಆ ದೇಶದ ಒಡಲೊಳಗೆ, ಸಮುದ್ರದಿಂದ ದೂರ, ಮರಳು ಬಯಲಿನ ನಡುವಿನ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ನೌಕರಿ ಸಿಕ್ಕಿತು. ಅಲ್ಲಿ ಬಸುರಾದಳು.

ಬಾಣಂತನಕ್ಕೆ ಯಾರು ಹೋಗಬೇಕು ಎಂಬ ಮಾತು ಬಂದಾಗ ನಾನು ಕೈ ಎತ್ತಿದೆ. ಸಾಲೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರೇ ಮೊದಲು ಕೈ ಎತ್ತುತ್ತಾರೆ. ನಾನು ಹಡೆದವಳಲ್ಲ, ಹಡೆದವರನ್ನು ನೋಡಿಕೊಂಡವಳೂ ಅಲ್ಲ. ಅಕ್ಕನ ಬಾಣಂತನದಲ್ಲಿ ಬಾಗಿಲ ಹೊರಗೆ ನಿಂತು, ಬಾಣಂತಿಗೂ ಕೂಸಿಗೂ ಹೊಗೆ ಹಾಕುವುದು ಮೂಢನಂಬಿಕೆ ಎಂದು ಅವ್ವನಿಗೆ ಉಪನ್ಯಾಸ ಕೊಟ್ಟಿದ್ದೇ ನನ್ನ ಒಟ್ಟು ಅನುಭವ. ಆದರೆ ಅಕ್ಕ ಹೋದ ಮೇಲೆ ನನಗೇನಾಯಿತೋ, ಅವಳು ಮಾಡುತ್ತಿದ್ದುದೆಲ್ಲ ಒಂದೂ ಬಿಡದೆ ನಡೆಯಬೇಕು ಅನಿಸಿತು. "ಇಷ್ಟ ದೂರ ಯಾಕ ಬರ್ತಿ ಚಿಗವ್ವ, ನಾ ನೋಡ್ಕೋತೀನಿ" ಎಂದು ಭಾಗ್ಯಾ ಫೋನಿನಲ್ಲಿ ಹೇಳಿದ್ದನ್ನು ಸಂಕೋಚ ಎಂದು ತಿಳಿದುಕೊಂಡೆ. ಅದು ಭಯವಾಗಿತ್ತು ಎಂದು ಈಗ ತೋರುತ್ತದೆ.

ಬಾಣಂತಿಗೆ ತಿನ್ನಿಸುವ ಅಂಟಿನ ಉಂಡಿ, ಅಜವಾನ, ಒಣಶುಂಠಿ, ಲೋಬಾನ ಎಲ್ಲ ಕಟ್ಟಿಕೊಂಡೆ. ಕಳ್ಳಕವಟಗಿಯ ನಮ್ಮ ತವರಿನವರಿಂದ ನಾಕು ಕುಳ್ಳನ್ನೂ ತರಿಸಿಕೊಂಡೆ, ಹೊಗೆಗೆ ಆಕಳ ಸಗಣಿಯ ಕುಳ್ಳೇ ಆಗಬೇಕು ಎಂದು. ಆ ದೇಶದ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವ ತರುಣಿ ಕೈಗವಸು ಹಾಕಿಕೊಂಡು ಒಂದು ಕುಳ್ಳನ್ನು ಎತ್ತಿ ಹಿಡಿದು, ಇದೇನು ಎಂದು ಕೇಳಿದಳು. ಇಷ್ಟು ವರ್ಷ ಪಾಠ ಹೇಳಿದ ನನ್ನ ಇಂಗ್ಲಿಷು 'ಆಕಳು' ಎಂಬಲ್ಲಿಗೆ ಬಂದು ನಿಂತಿತು. ಮುಂದಿನದನ್ನು ಕೈಸನ್ನೆಯಲ್ಲಿ ತಿಳಿಸಲು ಹೋದೆ. ಸಾಲಿನಲ್ಲಿ ಹಿಂದಿದ್ದವರು ಬೇರೆ ಕಡೆ ಮುಖ ತಿರುಗಿಸಿದರು. ಕುಳ್ಳು, ಲೋಬಾನ, ಉಂಡಿ ಎಲ್ಲ ಅಲ್ಲಿಯೇ ಉಳಿದವು. ಅಜವಾನವನ್ನು ಮಾತ್ರ, ಅಡಿಗೆಯ ಮಸಾಲೆ ಎಂದು, ನನ್ನ ಜೊತೆ ಬಿಟ್ಟರು.

ಮುಂದೆ ಸಣ್ಣ ವಿಮಾನ. ಅದಾದ ಮೇಲೆ ದಿನವೆಲ್ಲ ಕಾರು. ಕಿಟಕಿಯಾಚೆ ಕೆಂಪು ಮಣ್ಣು, ಒಣ ಹುಲ್ಲು, ಮತ್ತೆ ಕೆಂಪು ಮಣ್ಣು. ನಮ್ಮ ಕರಿಮಣ್ಣಿನ ಬಯಲೇ ದೊಡ್ಡದು ಎಂದುಕೊಂಡಿದ್ದವಳಿಗೆ ಬಯಲೆಂದರೇನೆಂದು ಆಗ ಗೊತ್ತಾಯಿತು. ಕರೆಯಲು ಬಂದಿದ್ದ ಅಳಿಯನನ್ನು, ಊರು ಇನ್ನೆಷ್ಟು ದೂರ ಎಂದು ಕೇಳಿದಾಗಲೆಲ್ಲ ಆತ "ಬಂತ್ರಿ, ಬಂತು" ಎನ್ನುತ್ತಿದ್ದ. ಕೊನೆಗೆ ಬಂದದ್ದು ಒಂದು ಪೆಟ್ರೋಲ್ ಪಂಪು, ಒಂದು ದಿನಸಿ ಅಂಗಡಿ, ಒಂದು ಸಾಲೆ, ದವಾಖಾನೆ, ನೀರಿಲ್ಲದ ಹೊಳೆ. ಇದು ಊರಿನ ಅಗಸಿ ಬಾಗಿಲು ಇರಬೇಕು ಎಂದು ನಾನು ಮುಂದೆ ನೋಡುತ್ತಿದ್ದೆ. ಕಾರು ನಿಂತಿತು. ಅದೇ ಊರು.

ಆ ಊರಿನ ಮುಕ್ಕಾಲು ಜನ ಆ ನೆಲದ ಮೂಲನಿವಾಸಿಗಳು. ಇದನ್ನು ಭಾಗ್ಯಾ ಮೊದಲೇ ಹೇಳಿದ್ದಳು. ನಾನೂ ಮಕ್ಕಳಿಗೆ ಅವರ ಬಗ್ಗೆ ಪಾಠ ಹೇಳಿದವಳೇ. ಪುಸ್ತಕದಲ್ಲಿ ಈಟಿ ಹಿಡಿದು ಒಂದೇ ಕಾಲ ಮೇಲೆ ನಿಂತ ಒಬ್ಬನ ಚಿತ್ರವಿತ್ತು. ಬಬಲೇಶ್ವರಕ್ಕೆ ಮರಳಿದ ಮೇಲೆ ಅವರ ಮೇಲೊಂದು ಭಾಷಣ ಮಾಡುವುದಾಗಿ ನಮ್ಮ ಸಾಲೆಯವರಿಗೆ ಮಾತೂ ಕೊಟ್ಟಿದ್ದೆ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ದಿನಸಿ ಅಂಗಡಿಯ ಸಾಲಿನಲ್ಲಿ ನಿಂತು, ಗಲ್ಲಾದಲ್ಲಿದ್ದ ಹೆಂಗಸಿಗೆ, ಈ ಊರಿನ ಮೂಲನಿವಾಸಿಗಳನ್ನು ಎಲ್ಲಿ ನೋಡಬಹುದು ಎಂದು ನನ್ನ ಪುಸ್ತಕದ ಇಂಗ್ಲಿಷಿನಲ್ಲಿ ಕೇಳಿದೆ. ನನ್ನ ಬೆನ್ನ ಹಿಂದಿನಿಂದ ಉತ್ತರ ಬಂತು. ಅದು ಇಂಗ್ಲಿಷಿನಲ್ಲೇ ಇತ್ತು. ಆದರೆ ಆಕೆಯ ಮಾತೆಲ್ಲ ನನ್ನ ನೆನಪಿನಲ್ಲಿ ತಿಕೋಟಾದ ಮಾತಾಗಿಯೇ ಕುಳಿತಿದೆ, ಹಾಗೆಯೇ ಹೇಳುತ್ತೇನೆ:

"ಇಲ್ಲೇ ಅದೀವಲ್ಲ, ಸಾಲಿನ್ಯಾಗ ನಿನ್ನ ಹಿಂದ."

ತಿರುಗಿದೆ. ನನಗಿಂತ ಹತ್ತು ವರ್ಷ ಹಿರಿಯಳಾದ ಹೆಂಗಸು. ಫುಟ್ಬಾಲ್ ಆಟಗಾರರ ಅಂಗಿ, ಕೈಯಲ್ಲಿ ಬ್ರೆಡ್ಡು, ಒಂದು ದೊಡ್ಡ ಕಲ್ಲಂಗಡಿ. ಎರಡು ಕಾಲ ಮೇಲೂ ಗಟ್ಟಿಯಾಗಿ ನಿಂತಿದ್ದಳು. ನಾನು ಕ್ಷಮೆ ಕೇಳುವಷ್ಟರಲ್ಲಿ ಕಲ್ಲಂಗಡಿಯನ್ನು ನನ್ನ ಕೈಗೆ ಕೊಟ್ಟು, ಹಿಡಕೋ ಎಂದು, ರೊಕ್ಕ ಹುಡುಕತೊಡಗಿದಳು. ಅವರೇ ಆಂಟಿ ಮೇವಿಸ್. ಆಂಟಿ ಎಂಬುದು ನಮ್ಮಲ್ಲಿ ಬಳೆ ಅಂಗಡಿಯವರು ಕೂಗಿ ನಮ್ಮ ಸಿಟ್ಟು ಏರಿಸುವ ಶಬ್ದ. ಅಲ್ಲಿ ಅದು ಊರೇ ಸೇರಿ ಹಿರಿಯರಿಗೆ ಕೊಡುವ ಪದವಿ. ಭಾಗ್ಯಾ ನನ್ನನ್ನೂ 'ನಮ್ಮ ಆಂಟಿ' ಎಂದೇ ಎಲ್ಲರಿಗೂ ಪರಿಚಯಿಸಿದ್ದಳು. ಚಿಗವ್ವ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಶಬ್ದವಿಲ್ಲ ನೋಡಿ. ಹೀಗಾಗಿ ಯೋಗ್ಯತೆಯಿಲ್ಲದೆಯೇ ನನಗೂ ಪದವಿ ಸಿಕ್ಕಿತ್ತು.

ಮನೆಯಲ್ಲಿ ನಮ್ಮ ವ್ಯವಹಾರ ಅಷ್ಟು ಚೆನ್ನಾಗಿರಲಿಲ್ಲ. ಅಳಿಯ ಗಣಿಗೆ ಹೋದರೆ ಬರುವುದು ಎರಡು ವಾರಕ್ಕೆ. ಉಳಿದವರು ನಾನು, ಭಾಗ್ಯಾ, ಆಗಷ್ಟೇ ಹುಟ್ಟಿದ ಇಷ್ಟುದ್ದದ ಹೆಣ್ಣು ಕೂಸು. ಭಾಗ್ಯಾ ನನ್ನ ಜೊತೆ ಬಹಳ ಮರ್ಯಾದೆಯಿಂದ ಇದ್ದಳು. ಆ ಮರ್ಯಾದೆಯೇ ನನ್ನನ್ನು ಚುಚ್ಚುತ್ತಿತ್ತು. ಅಕ್ಕನ ಮುಂದೆ ಕಾಲು ಚಾಚಿ ಜಗಳಾಡುತ್ತಿದ್ದ ಹುಡುಗಿ, ನಾನು ಮಾಡಿದ ಉಪ್ಪು ಹೆಚ್ಚಾದ ಸಾರನ್ನೂ ಚೆನ್ನಾಗಿದೆ ಎಂದು ಉಣ್ಣುತ್ತಿದ್ದಳು. ತಾಯಿಯ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಕೆ ಜಗಳಕ್ಕೆ ಬಂದದ್ದು ಒಂದೇ ವಿಷಯಕ್ಕೆ, ಹೊಗೆಗೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಕೂಸಿಗೆ ವಿಷ ಎಂದಳು. ಈ ಊರಿನವರೂ ಹೊಗೆ ಹಾಕುತ್ತಾರೆ, ಆದರೆ ಬಯಲಿನಲ್ಲಿ, ಅವರ ರೀತಿ ಬೇರೆ ಎಂದು ಏನೋ ಹೇಳಲು ಬಂದಳು. ನಾನು ಮುಗಿಸಗೊಡಲಿಲ್ಲ. ನಮ್ಮ ಅವ್ವ ನಿಮ್ಮವ್ವನಿಗೆ ಹಾಕಿದ್ದಳು, ನೀನೇನು ಸತ್ತೆಯಾ ಎಂದು ಕೇಳಿದೆ. ಹಿಂದೆ ಮೂಢನಂಬಿಕೆಯ ಉಪನ್ಯಾಸ ಕೊಟ್ಟದ್ದೂ ಇದೇ ಬಾಯಿ.

ಒಂದು ಮುಂಜಾನೆ ಅವಳು ಕೂಸಿನ ತಪಾಸಣೆಗೆಂದು ದವಾಖಾನೆಗೆ ಹೋದಳು. ಕೂಸಿಗೆ ಹೊಗೆ ಬೇಡವಾದರೆ ಬೇಡ, ಕೋಣೆಗಾದರೂ ಹಾಕಿಡೋಣ ಎಂದು ನಾನು ಯೋಚಿಸಿದೆ. ಕುಳ್ಳಿಲ್ಲ; ಹಿತ್ತಲಲ್ಲಿ ಮಾಂಸ ಸುಡುವ ಇದ್ದಿಲು ಇತ್ತು. ಅದನ್ನು ಕೇಕ್ ಬೇಯಿಸುವ ತಟ್ಟೆಯಲ್ಲಿ ಹೊತ್ತಿಸಿ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದೆ. ಹೊಗೆ ಸಾಲದು ಅನಿಸಿ ತೆಂಗಿನೆಣ್ಣೆ ಬಿಟ್ಟೆ. ಗಾಳಿ ಹೊಗಬಾರದೆಂದು ಕಿಟಕಿಗಳನ್ನೆಲ್ಲ ಮೊದಲೇ ಮುಚ್ಚಿದ್ದೆ.

ನೆತ್ತಿಯ ಮೇಲಿನ ಬಿಳಿ ಡಬ್ಬಿ ಕಿರುಚತೊಡಗಿದಾಗ ಅದೇನೆಂದು ನನಗೆ ಗೊತ್ತಾಗಲಿಲ್ಲ. ಕಸಬರಿಗೆಯಿಂದ ಬಡಿದೆ. ಅದು ಕಸಬರಿಗೆಗೆ ಹೆದರುವ ಜಾತಿಯದಲ್ಲ. ತಟ್ಟೆಯನ್ನು ಹೊರಗೆ ಒಯ್ಯೋಣವೆಂದರೆ ಮುಟ್ಟುವ ಹಾಗಿಲ್ಲ, ಬಾಗಿಲು ಕಾಣುತ್ತಿಲ್ಲ. ಕೆಮ್ಮುತ್ತ ಕೆಮ್ಮುತ್ತ ಬಚ್ಚಲ ಕೋಣೆ ಸೇರಿ, ತಲೆಯ ಮೇಲೆ ನೀರು ಸುರಿದುಕೊಂಡು ಕುಳಿತೆ. ಅಷ್ಟರಲ್ಲಿ ಊರಿನ ಬೆಂಕಿ ನಂದಿಸುವ ಬಂಡಿ ಬಂತು. ಅದನ್ನು ನಡೆಸುವವರು ಊರಿನವರೇ: ಪೆಟ್ರೋಲ್ ಪಂಪಿನವನು, ಸಾಲೆಯ ಮಾಸ್ತರ, ದಿನಸಿ ಅಂಗಡಿಯ ಅದೇ ಹೆಂಗಸು. ತೊಯ್ದ ಸೀರೆಯಲ್ಲಿ ನನ್ನನ್ನು ಹೊರಗೆ ತಂದು ರಸ್ತೆಯ ನಡುವೆ ಕುರ್ಚಿ ಹಾಕಿ ಕೂರಿಸಿದರು. ಊರೆಲ್ಲ ಸುತ್ತ ನಿಂತಿತ್ತು. ಮೂಲನಿವಾಸಿಗಳನ್ನು ನೋಡಲು ಹೋದವಳನ್ನು ಮೂಲನಿವಾಸಿಗಳು ನೋಡಿದರು. ಮಕ್ಕಳಿಗೆ ಆ ನೋಟ ಬಹಳ ಹಿಡಿಸಿತು ಅನಿಸಿತು.

ಸುಟ್ಟದ್ದು ನೆಲಹಾಸಿನ ಒಂದು ತುಂಡು ಮಾತ್ರ. ಭಾಗ್ಯಾ ನನ್ನ ಕೈ, ಕಣ್ಣು, ಉಸಿರು ಎಲ್ಲ ಪರೀಕ್ಷಿಸಿದಳು. ಆಮೇಲೆ ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಮರುದಿನವೂ ನನ್ನ ತಟ್ಟೆಗೆ ಬಡಿಸಿಟ್ಟು ಒಳಗೇ ಉಳಿದಳು. ನಾನು ಚೀಲ ತುಂಬತೊಡಗಿದೆ. ಅಕ್ಕನ ಜಾಗದಲ್ಲಿ ನಿಲ್ಲಲು ಹೋಗಿ ಅವಳ ಮಗಳ ಮನೆಯನ್ನೇ ಸುಡುತ್ತಿದ್ದೆನಲ್ಲ ಎಂಬುದು ನುಂಗಲಾಗದ ತುತ್ತಾಗಿತ್ತು. ನಗು ಬರಿಸುವಂತೆ ಈಗ ಹೇಳುತ್ತಿದ್ದೇನೆ. ಅಂದು ಅಡಿಗೆಮನೆಯಲ್ಲಿ ನಿಂತು ಅತ್ತೆ.

ಮೂರನೆಯ ದಿನ ಆಂಟಿ ಮೇವಿಸ್ ಬಂದರು, ಕಂಕುಳಲ್ಲಿ ಹಸಿರೆಲೆಯ ಟೊಂಗೆಗಳ ಕಟ್ಟು. ಭಾಗ್ಯಾ ಒಳಗೆ ಕೂಸಿಗೆ ಹಾಲೂಡುತ್ತಿದ್ದಳು. ಅವರು ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಳಿತು, ಮನೆಗೆ ಬೆಂಕಿ ಯಾಕಿಟ್ಟೆ ಎಂದು ಕೇಳಿದರು. ಕೂಸಿಗಾಗಿ ಹೊಗೆ ಎಂದೆ. ಅವರು ಮೆಟ್ಟಿಲು ಅಲುಗುವ ಹಾಗೆ ನಕ್ಕರು. ತಮ್ಮಲ್ಲೂ ಹುಟ್ಟಿದ ಕೂಸಿಗೂ ತಾಯಿಗೂ ಹೊಗೆ ಕೊಡುತ್ತಾರಂತೆ. ಹಸಿ ಎಲೆಯದು, ತಂಪು ಹೊಗೆ, ಆಕಾಶದ ಕೆಳಗೆ. ತಾವು ಮೊದಲ ಸಲ ಮಾಡುವಾಗ ತಪ್ಪಿದ್ದಕ್ಕೆ ತಮ್ಮ ಚಿಗವ್ವ ಕೋಲು ತೆಗೆದುಕೊಂಡು ಬಂದಿದ್ದಳು ಎಂದರು. ಅವರೂ ಆಂಟಿ ಎಂದೇ ಹೇಳಿದ್ದು. ತಾಯಿಯ ಕಡೆಯವಳೋ ತಂದೆಯ ಕಡೆಯವಳೋ ಎಂದು ನಾನೇ ಕೇಳಿ ತಿಳಿದುಕೊಂಡೆ. ಆಮೇಲೆ ಅವರು ಕೇಳಿದರು:

"ಅವ್ವಾ ಅಂದ್ರ ಏನು?"

ಅಂದು ದವಾಖಾನೆಯಿಂದ ಮರಳುವಾಗ ಭಾಗ್ಯಾಳ ಜೊತೆಗೆ ಅವರೂ ಬರುತ್ತಿದ್ದರಂತೆ. ಮನೆಯಿಂದ ಹೊಗೆ ಏಳುವುದನ್ನು ಕಂಡದ್ದೇ ಅವಳು ಕೂಸಿನ ಗಾಡಿಯನ್ನು ಇವರ ಕೈಗೆ ನೂಕಿ, ಹಸಿ ಬಾಣಂತಿ, ಅದೇ ಶಬ್ದ ಕೂಗುತ್ತ ಓಡಿದಳಂತೆ. ಒಳಗೆ ನುಗ್ಗಲು ಹೋದವಳನ್ನು ಇಬ್ಬರು ಹಿಡಿದು ನಿಲ್ಲಿಸಬೇಕಾಯಿತಂತೆ.

ತಾಯಿ ಎಂದರ್ಥ ಎಂದೆ. ಮತ್ತೆ ನೀನು ಆಂಟಿ ಅಲ್ಲವೇ ಎಂದರು. ಅವಳ ತಾಯಿಯ ತಂಗಿ ಎಂದೆ. ಇಷ್ಟು ತಿಳಿಯದವಳಿಗೆ ಎಷ್ಟು ಹೇಳುವುದು ಎಂಬಂತೆ ಅವರು ತಲೆ ಕೊಡವಿದರು.

"ತಾಯಿ ತಂಗಿ ಅಂದ್ರ ತಾಯೀನ. ನಮ್ಮಾಗ ಹಂಗ. ನಿಮ್ಮಾಗ ಬ್ಯಾರೇನು?"

ನಮ್ಮಲ್ಲಿ ಬೇರೆಯಲ್ಲ. ಚಿಕ್ಕ ಅವ್ವ, ಚಿಗವ್ವ, ಶಬ್ದದಲ್ಲೇ ಇದೆ. ಇನ್ನೊಂದು ಮಾತನ್ನೂ ನಾನು ಹೇಳಬೇಕಿತ್ತು. ನಮ್ಮ ಕಡೆ ಕಾಲಿಗೆ ಕಲ್ಲು ಎಡವಿದರೂ ಯವ್ವಾ ಎನ್ನುತ್ತಾರೆ, ಹಾವು ಕಂಡರೂ ಯವ್ವಾ ಎನ್ನುತ್ತಾರೆ. ಅಥವಾ ಭಾಗ್ಯಾ ಚಿಗವ್ವಾ ಎಂದದ್ದರಲ್ಲಿ ಮೊದಲರ್ಧ ಓಟದಲ್ಲಿ ಉದುರಿರಲೂಬಹುದು. ಸಮಾಜ ವಿಜ್ಞಾನದ ಟೀಚರಾಗಿ ಇದನ್ನೆಲ್ಲ ವಿವರಿಸುವುದು ನನ್ನ ಕರ್ತವ್ಯವಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದೆ.

ಒಳಗೆ ಹೋದೆ. ಭಾಗ್ಯಾ ನನ್ನ ತುಂಬಿದ ಚೀಲ ನೋಡಿದಳು.

"ಎಲ್ಲಿಗೆ ಹೊಂಟಿ?"

"ಊರಿಗೆ."

"ಹೋಗು. ಅವ್ವನೂ ಹಂಗ ಹೋದ್ಲು, ನನಗ ಕೇಳದ."

ಹಾಗೆಂದವಳೇ ಅಳತೊಡಗಿದಳು, ಆಮೇಲೆ ಬೈಯತೊಡಗಿದಳು. ಇದ್ದಿಲಿಗೆ ಎಣ್ಣೆ ಹಾಕುವವರು ಯಾರು, ನಿನಗೆ ಬುದ್ಧಿ ಎಲ್ಲಿದೆ, ಸಾರಿಗೆ ಅಷ್ಟು ಉಪ್ಪು ಯಾಕೆ, ಎಲ್ಲ ಒಟ್ಟಿಗೆ ಬಂತು. ಬೈಗುಳ ಥೇಟ್ ಅಕ್ಕನ ಜೊತೆ ಜಗಳಾಡುತ್ತಿದ್ದ ಹಾಗಿತ್ತು. ಚೀಲ ಬಿಚ್ಚಿದೆ.

ಸಂಜೆಗೆ ಆಂಟಿ ಮೇವಿಸ್ ನಮ್ಮನ್ನು ಒಣ ಹೊಳೆಯ ದಂಡೆಗೆ ಕರೆದೊಯ್ದರು. ಹಸಿರೆಲೆಗಳ ಹೊಗೆ ತೆಳ್ಳಗೆ ಎದ್ದಿತು. ಕೂಸು ಸೀನಿ, ಮತ್ತೆ ಮಲಗಿತು. ಉಳಿದದ್ದು ಹೆಂಗಸರ ವಿಷಯ, ಎಲ್ಲರ ಮುಂದೆ ಹೇಳುವಂಥದ್ದಲ್ಲ ಎಂದು ಅವರು ಹೇಳಿದ್ದಾರೆ. ಆದ್ದರಿಂದ ನಿಮಗೂ ಹೇಳುವುದಿಲ್ಲ. ಬಬಲೇಶ್ವರದ ಭಾಷಣ ಇದೇ ಕಾರಣಕ್ಕೆ ಬಹಳ ಚಿಕ್ಕದಾಯಿತು. ಸಾಲೆಯವರು ಆರೋಗ್ಯ ಸರಿಯಿಲ್ಲವೇ ಎಂದು ವಿಚಾರಿಸಿದರು.

ಭಾಗ್ಯಾ ಈಗ ಮತ್ತೆ ಬಸುರಿ. ಈ ಸಲ ಅವಳೇ ಬಾ ಎಂದಿದ್ದಾಳೆ. ನಾನು ಕೈ ಎತ್ತಲಿಲ್ಲ, ಮೊದಲು ಕಲಿಯುತ್ತೇನೆ ಎಂದೆ. ದಿನವೂ ಮುಂಜಾನೆ ಬಸ್ಸು ಹಿಡಿದು ತಿಕೋಟಾಕ್ಕೆ ಹೋಗುತ್ತೇನೆ. ಅಲ್ಲಿ ಅಕ್ಕನ ಓಣಿಯ ಗೌರವ್ವನವರ ಸೊಸೆ ಹಡೆದಿದ್ದಾಳೆ. ಸೀರೆ ಮೊಣಕಾಲಿಗೆ ಏರಿಸಿ, ಕಾಲು ಚಾಚಿ ಬಚ್ಚಲಲ್ಲಿ ಕೂರುತ್ತೇನೆ. ಕಾಲ ಮೇಲೆ ಕೂಸನ್ನು ಹಾಕುತ್ತಾರೆ. ಮಕ್ಕಳಿಗೆ ನೆಟ್ಟಗೆ ಕೂಡ್ರಿ ಎಂದು ಗದರುತ್ತ ಆಯುಷ್ಯ ಕಳೆದವಳಿಗೆ ಗೌರವ್ವ ಈಗ ಕೂಡ್ರುವುದನ್ನು ಕಲಿಸುತ್ತಿದ್ದಾರೆ: ಬಗ್ಗಬೇಡಿ, ಬಿಗಿಯಬೇಡಿ, ಕೂಸೇನೂ ಕಚ್ಚುವುದಿಲ್ಲ.

ಇವತ್ತು ಎರಡನೆಯ ತಂಬಿಗೆ ಬೆಚ್ಚನೆಯ ನೀರಿಗೇ ಅದು ಕಾಲ ಮೇಲೆ ನಿದ್ದೆ ಹೋಯಿತು. ನನ್ನ ಕಾಲು ಜೋಮು ಹಿಡಿದಿತ್ತು. ಒಣ ಅರಿವೆ ಹಿಡಿದು ಬಂದ ಗೌರವ್ವ, "ಎತ್ಕೊಳ್ಳೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಅರಿವೆ ಇಲ್ಲೇ ಹೊದಿಸಿರಿ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದೆ.