ಸಂಗಮದ ದೋಣಿಯ ಮುಳ್ಳು ಮತ್ತು ಪುಟ್ಟಬಸವಯ್ಯನವರು

ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಡೀಸೆಲ್ ಇಂಜಿನ್ ಬಿಚ್ಚಿ ಜೋಡಿಸಬಲ್ಲ ಯಾರನ್ನೇ ವಿಚಾರಿಸಿದರೂ, ಕಲಿಸಿದ ಗುರುವೆಂದು ಅವರು ಹೇಳುವ ಹೆಸರು ಶ್ರೀ ಪುಟ್ಟಬಸವಯ್ಯನವರದು. ಹೆಮ್ಮರಗಾಲದ ರೈತ ಮನೆತನದಿಂದ ಬಂದು, ನಂಜನಗೂಡಿನ ತರಬೇತಿ ಸಂಸ್ಥೆಯಲ್ಲಿ ಮೂವತ್ತನಾಲ್ಕು ವರ್ಷ ಬೋಧಿಸಿ ಈಗ ನಿವೃತ್ತರಾಗುತ್ತಿರುವ ಈ ಹಿರಿಯರು, ಊಟ ತರದೆ ಬಂದ ವಿದ್ಯಾರ್ಥಿಗೆ ತಮ್ಮ ಬುತ್ತಿಯ ಅರ್ಧ ಕೊಟ್ಟವರು. ಸ್ಪ್ಯಾನರನ್ನು ತಪ್ಪು ಜಾಗದಲ್ಲಿಟ್ಟವನನ್ನು ವಾರವಿಡೀ ಮಾತನಾಡಿಸದೆ ಬಿಟ್ಟವರೂ ಹೌದು. ಅವರ ಸಿಡುಕನ್ನು ಮರೆಮಾಚಿ ಬರೆದರೆ ಮೊದಲು ಸಿಡುಕುವವರು ಅವರೇ ಆದ್ದರಿಂದ, ಎರಡು ವರ್ಷದ ಹಿಂದಿನ ಪ್ರಸಂಗವೊಂದನ್ನು ಇದ್ದಂತೆಯೇ ನಿವೇದಿಸುವುದು ಉಚಿತ.

ನರಸೀಪುರದ ಸಂಗಮದಲ್ಲಿ ಯಾತ್ರಿಕರನ್ನು ದಾಟಿಸುವ ಸಂಘದ ಡೀಸೆಲ್ ದೋಣಿಯಲ್ಲಿ, ಇಂಜಿನ್ ನಿಮಿಷಕ್ಕೆಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳು ಇದ್ದಕ್ಕಿದ್ದಂತೆ ಕೆಂಪು ಗೆರೆ ದಾಟುತ್ತಿತ್ತು, ಮರುಕ್ಷಣ ಸೊನ್ನೆಗೆ ಬೀಳುತ್ತಿತ್ತು. ಚಾಲಕ ರಂಗನಾಯಕ ಇಂಜಿನ್ನನ್ನು ಮಿತಿಮೀರಿ ಓಡಿಸುತ್ತಾನೆಂದು ಸಂಘದವರ ದೂರು. ಶನಿವಾರದ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವುದು ಬಹುಮಟ್ಟಿಗೆ ನಿಶ್ಚಯವಾಗಿತ್ತು. ಅದಕ್ಕೆ ಮುಂಚೆ ಒಮ್ಮೆ ನೋಡಿಬಿಡಿ ಎಂದು ಮೇಷ್ಟ್ರನ್ನು ಕರೆಸಿದರು.

ಬುಧವಾರ ಮೀಟರನ್ನೇ ಅನುಮಾನಿಸಿ ಮೈಸೂರಿನಿಂದ ಹೊಸದು ತರಿಸಿ ಹಾಕಿದರು. ಅದರ ಮುಳ್ಳೂ ಹಾಗೆಯೇ ಕುಣಿಯಿತು. ಗುರುವಾರ ಮೀಟರಿಗೆ ಸಂಕೇತ ಕಳಿಸುವ ಆಲ್ಟರ್ನೇಟರಿನ ಬೆಲ್ಟು ಬಿಗಿಮಾಡಿದರು, ಅರ್ತ್ ವೈರಿನ ತುಕ್ಕು ಉಜ್ಜಿದರು, ಇಂಜಿನ್ ನಿಲ್ಲಿಸಿ ವೈರುಗಳನ್ನೆಲ್ಲ ಪರೀಕ್ಷಿಸಿದರು. ಎಲ್ಲವೂ ಸರಿಯಿತ್ತು, ಮುಳ್ಳೊಂದನ್ನು ಬಿಟ್ಟು. ಬೆವರಿಗೆ ಕನ್ನಡಕ ಜಾರುತ್ತಿತ್ತು, ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು, ಆ ಸಿಟ್ಟೆಲ್ಲ ರಂಗನಾಯಕನ ಮೇಲೆ ಹೋಯಿತು. ಕೈ ನೆಟ್ಟಗಿಲ್ಲದವನು ಬಂಡಿ ಹೊಡೆಯಲೂ ಲಾಯಕ್ಕಿಲ್ಲವೆಂದು ಯಾತ್ರಿಕರೆದುರೇ ಬೈದರು.

"ನಾನು ಆಕ್ಸಿಲರೇಟ್ರು ಮುಟ್ಟೇ ಇಲ್ಲ ಸಾ," ಎಂದಷ್ಟೇ ಅವನು ಹೇಳಿದ.

ಶುಕ್ರವಾರ ಅವರ ಹಳೆಯ ವಿದ್ಯಾರ್ಥಿನಿ, ಈಗ ಅದೇ ಸಂಸ್ಥೆಯಲ್ಲಿ ಬೋಧಿಸುವ ಅರ್ಪಿತ, ವೇಗ ಅಳೆಯುವ ಕೈಮೀಟರು ಹಿಡಿದು ಬಂದರು. ಇಂಜಿನ್ನಿನ ಪುಲ್ಲಿಗೆ ಹೊಳೆಯುವ ಪಟ್ಟಿ ಅಂಟಿಸಿ ಅಳೆದರೆ, ಅಲುಗಾಡದ ಸಾವಿರದ ಎಂಟುನೂರು. ಎದುರಿನ ಮುಳ್ಳು ಮಾತ್ರ ಕೆಂಪಿಗೂ ಸೊನ್ನೆಗೂ ಓಡಾಡುತ್ತಿತ್ತು. ಇಂಜಿನ್ನಿನದೂ ತಪ್ಪಿಲ್ಲ, ಚಾಲಕನದೂ ಇಲ್ಲ. ಇಂಜಿನ್ ನಡುಗುತ್ತಿರುವಾಗಲೇ ಆಲ್ಟರ್ನೇಟರಿನಿಂದ ಮೀಟರಿಗೆ ಹೋಗುವ ವೈರನ್ನು ಆಕೆ ಉದ್ದಕ್ಕೂ ಅಲುಗಿಸುತ್ತ ಬಂದಾಗ, ಮೀಟರು ಕೂರಿಸಿದ ಹಲಗೆಯ ಹಿಂದೆ ಒಂದು ಕಡೆ ಕೈಯಿಟ್ಟೊಡನೆ ಮುಳ್ಳು ಬಿತ್ತು. ಇಂಜಿನ್ ನಿಲ್ಲಿಸಿ ಅಲ್ಲಿನ ಕಪ್ಪು ಟೇಪು ಬಿಚ್ಚಿದರು.

"ಯಾರೋ ಬೆಸುಗೆ ಹಾಕದೆ ಬರೀ ಹೆಣೆದು ಟೇಪ್ ಸುತ್ತಿದ್ದಾರೆ ಸರ್. ನಡುಕಕ್ಕೆ ಸಡಿಲಾಗಿದೆ."

ಪುಟ್ಟಬಸವಯ್ಯನವರಿಗೆ ಆ ಹೆಣಿಗೆಯ ಗುರುತು ಹತ್ತಿತು. ಹಿಂದಿನ ವರ್ಷ ಇದೇ ವೈರು ಜೋಡಿಸಲು ಬಂದಿದ್ದಾಗ, ನಂಜನಗೂಡಿನ ಕೊನೆಯ ಬಸ್ಸು ತಪ್ಪೀತೆಂಬ ಅವಸರದಲ್ಲಿ, ಬೆಸುಗೆಯನ್ನು ನಾಳೆಗೆ ಬಿಟ್ಟು ಹೋದವರು ಮತ್ತೆ ಬಂದಿರಲೇ ಇಲ್ಲ. ಆಕೆಗೆ ತಿಳಿಯದು, ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಯಾರೋ ಅಲ್ಲ ಕಣಮ್ಮ, ನಾನೇ," ಎಂದರು.

ಬೆಸುಗೆ ಹಾಕಿದ ಮೇಲೆ ಮುಳ್ಳು ನಿಂತಿತು. ಶನಿವಾರದ ಸಭೆಗೆ ಕರೆಯದಿದ್ದರೂ ಹೋಗಿ, ಕೆಟ್ಟದ್ದು ತಮ್ಮ ಕೆಲಸ, ರಂಗನಾಯಕನ ಕೈಯಲ್ಲವೆಂದು ಹೇಳಿ, ಅದನ್ನೇ ದೋಣಿಯ ದುರಸ್ತಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ರಂಗನಾಯಕನ ಮುಖದ ಗಂಟು ಸಡಿಲವಾಗಲಿಲ್ಲ.

"ಜನದ ಮುಂದೆ ಬೈದ್ರಲ್ಲ ಸಾ. ಜನದ ಮುಂದೇನೆ ಅದ್ನ ವಾಪಸ್ ತಗಳಿ."

ಭಾನುವಾರ ಯಾತ್ರಿಕರು ತುಂಬಿದ ದೋಣಿಯಲ್ಲಿ ಅವರು ಎದ್ದು ನಿಂತು ಕೈಮುಗಿದು ಕ್ಷಮೆ ಕೇಳಿದರು. ಆಮೇಲೆಯೇ ಅವನು ದೋಣಿ ಬಿಟ್ಟದ್ದು.

ಅಂದಿನಿಂದ ಪ್ರತಿ ಹೊಸ ತರಗತಿಗೂ ಅವರ ಮೊದಲ ಪಾಠ ಈ ತಪ್ಪೇ. ಮಾನ್ಯರಿಗೆ ದೀರ್ಘಾಯುಷ್ಯವೂ ಬಗ್ಗುವ ಸೊಂಟವೂ ಲಭಿಸಲಿ; ಶಿಷ್ಯರಾದ ನಮ್ಮ ಕೆಲಸದ ಕುಂದುಗಳನ್ನು ಹುಡುಕಿ ಅವರು ಇನ್ನೂ ಬಹುಕಾಲ ನಮ್ಮನ್ನು ಬೈಯುತ್ತಿರಲಿ.