ಸಹಿ ಹಾಳೆಯ ನಡುವಿನ ಕಾಲಂ

ಮಂಗಳವಾರ, ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು. ವಾಷಿಂಗ್ಟನ್ ಹತ್ತಿರದ ಆಲ್ಡಿ ಊರಿನ ಮನೆಯಲ್ಲಿ ಇದ್ದವರು ನಾನು, ಮೊಮ್ಮಗಳು. ಡ್ರಾಯರ್ ಖಾಲಿ ಮಾಡುವಾಗ ಹಳೆಯ ವೈಟ್ನರ್ ಶೀಶೆ ಸಿಕ್ಕಿತು.

"ಅಜ್ಜಿ, ಇದು ಡ್ರೈ ಆಗಿದೆ. ಥ್ರೋ ಮಾಡ್ಲಾ?"

ಮುಚ್ಚಳ ತೆಗೆದೆ. ಘಾಟು ಇನ್ನೂ ಇತ್ತು… ಅದರ ಹಿಂದೆಯೇ ಹಿಂದೆ ಎದುರು ಮನೆಯಲ್ಲಿದ್ದ ಮೇಷ್ಟ್ರು ನೆನಪಾದರು. ಹನ್ನೊಂದು ಗಂಟೆಯ ಕಾಫಿ ತಪ್ಪಿಹೋಯಿತು.

ತೊಂಬತ್ತರ ದಶಕದಲ್ಲಿ ನಾವು ವಾಷಿಂಗ್ಟನ್ನಿನಲ್ಲಿದ್ದೆವು, ನಾನು ಟೈಪಿಸ್ಟ್. ಮೇಷ್ಟ್ರು ಘಾನಾ ದೇಶದವರು; ಅಲ್ಲಿ ಚರಿತ್ರೆ ಕಲಿಸಿ, ನಿವೃತ್ತರಾಗಿ ಮಗಳ ಮನೆಗೆ ಬಂದವರು. ನನ್ನ ದಿನಚರಿಯಲ್ಲಿ ಹರಟೆಗೆ ಜಾಗವಿರಲಿಲ್ಲ. ಆದರೂ ಅವರು ಮಾತು ತೆಗೆದರೆ ಮೆಟ್ಟಿಲ ಮೇಲೇ ನಿಂತುಬಿಡುತ್ತಿದ್ದೆ.

"ನಮಗೆ ಸ್ವಾತಂತ್ರ್ಯ ಬಂದಾಗ ಬರೀ ಒಂದು ದೇಶ ಬಿಡುಗಡೆ ಆಯ್ತು ಅನ್ನಿಸ್ಲಿಲ್ಲಮ್ಮಾ. ಇಡೀ ಆಫ್ರಿಕಾ ಒಂದೇ ಒಕ್ಕೂಟ ಆಗುತ್ತೆ ಅಂದ್ಕೊಂಡಿದ್ವಿ. ಆ ಗಡಿಗಳನ್ನ ಯುರೋಪಿನವರು ನಮ್ಮನ್ನ ಕೇಳಿ ಎಳೆದ್ರಾ?"

ಒಕ್ಕೂಟ ಆಗಲಿಲ್ಲ. ಆದರೆ ಭಾನುವಾರಗಳಂದು ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅವರು ನಡೆಸುವ ಆಫ್ರಿಕನ್ನರ ಸಭೆ ಸೇರುತ್ತಿತ್ತು. ಇಬ್ಬರು ಗೆಳೆಯರು ತಪ್ಪದೆ ಬರುತ್ತಿದ್ದರು. ಒಬ್ಬ ಇಥಿಯೋಪಿಯಾದವನು. ಇನ್ನೊಬ್ಬ ಅದೇ ದೇಶದಲ್ಲಿ ಹುಟ್ಟಿದ್ದರೂ ತಂದೆತಾಯಿ ಎರಿಟ್ರಿಯಾದವರು. ಒಂದೇ ಟ್ಯಾಕ್ಸಿಯನ್ನು ಇಬ್ಬರೂ ಸರದಿಯಲ್ಲಿ ಓಡಿಸುತ್ತಿದ್ದರು.

೧೯೯೮ರಲ್ಲಿ ಆ ಎರಡು ದೇಶಗಳ ನಡುವೆ ಯುದ್ಧ ಶುರುವಾಯಿತು. ಯುದ್ಧ ನಿಲ್ಲಿಸಿ ಎಂದು ಎರಡೂ ಸರ್ಕಾರಗಳಿಗೆ ಮೇಷ್ಟ್ರು ಪತ್ರ ಬರೆದರು. ಅದರಲ್ಲಿ ಈ ಇಬ್ಬರ ಸಹಿಗಳು ಜೊತೆಯಾಗಿ ಮೊದಲಿರಬೇಕು ಎಂಬುದೊಂದೇ ಅವರ ಹಟ. ಪತ್ರ ಟೈಪ್ ಮಾಡಿದವಳು ನಾನು. ನಮ್ಮ ಕನ್ನಡ ಕೂಟದ ಪಟ್ಟಿಗಳಲ್ಲಿ ಹೆಸರಿನ ಪಕ್ಕ ಊರು ಇರಲೇಬೇಕು; ಯಾವೂರು ಎಂದು ಕೇಳದೆ ನಮ್ಮವರ ಪರಿಚಯವೇ ಮುಗಿಯದು. ಅದೇ ಅಭ್ಯಾಸದಲ್ಲಿ ಸಹಿ ಹಾಳೆಗೆ ನಾನಾಗಿಯೇ ಹೆಸರು, ದೇಶ, ಸಹಿ ಎಂದು ಮೂರು ಕಾಲಂ ಎಳೆದೆ. ಮೇಷ್ಟ್ರು ಅದನ್ನು ನೋಡಿದ್ದು ಸಭೆಯಲ್ಲೇ.

"ಮೊದ್ಲು ನೀನು ಹಾಕಪ್ಪ, ನಿನ್ನ ಕೋಳಿಕಾಲಿನ ಬರಹಕ್ಕೆ ಜಾಗ ಬೇಕು," ಎಂದು ಇಥಿಯೋಪಿಯಾದವನು ಗೆಳೆಯನನ್ನು ಛೇಡಿಸಿದ. ಗೆಳೆಯ ನಕ್ಕು ಹೆಸರು ಬರೆದ. ಮುಂದಿನ ಕಾಲಂಗೆ ಬಂದಾಗ ಪೆನ್ನು ನಿಂತಿತು.

"ಇಲ್ಲಿ ಏನ್ ಬರೀಲಿ?"

"ಅಡಿಸ್ ಅಬಾಬಾದಲ್ಲಿ ಹುಟ್ಟಿದವನಲ್ವೇನೋ? ಇಥಿಯೋಪಿಯಾ ಅಂತ ಬರಿ."

"ಹೋದ ತಿಂಗಳು ಎರಿಟ್ರಿಯಾದವಳು ಅಂತ ನಮ್ಮಮ್ಮನ್ನ ಬಸ್ ಹತ್ತಿಸಿ ಗಡಿಯಾಚೆ ದಬ್ಬಿತಲ್ಲ, ಆ ದೇಶಾನಾ?"

"ನಾನೇನೋ ದಬ್ಬಿದ್ದು?"

ಮೇಷ್ಟ್ರು ನನ್ನ ಚೀಲದಿಂದ ವೈಟ್ನರ್ ಕಿತ್ತುಕೊಂಡು 'ದೇಶ'ದ ಮೇಲೆ ಬಳಿಯತೊಡಗಿದರು. ಅದು ಒಣಗುವ ಮೊದಲೇ ಟ್ಯಾಕ್ಸಿಯ ಕೀಲಿ ಮೇಜಿನ ಮೇಲೆ ಬಿತ್ತು. ಹೆಸರು ಬರೆದವನೇ ಅದನ್ನು ಬಿಸಾಡಿ ಬಾಗಿಲು ದಾಟಿದ್ದ.

"ಈ ಕಾಲಂ ಯಾರ ತಲೆಯಿಂದ ಬಂತು?" ಎಂದು ಯಾರೋ ಗದರಿದರು.

"ನಾನೇ ಹಾಕಿಸಿದ್ದು," ಎಂದರು ಮೇಷ್ಟ್ರು.

ನಾನು ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತ ನಿಂತೆ.

ಪತ್ರ ಆ ಎರಡು ಸಹಿಗಳಿಲ್ಲದೆ ಹೋಯಿತು. ಗೆಳೆಯರು ಮತ್ತೆ ಸಭೆಗೆ ಬರಲಿಲ್ಲ. ಚಳಿಗಾಲದ ಹೊತ್ತಿಗೆ ಸಭೆಯೂ ನಿಂತಿತು. ಮೇಷ್ಟ್ರು ಮಗಳೊಂದಿಗೆ ಷಾರ್ಲೆಟ್ ನಗರಕ್ಕೆ ಹೋದರು. ಫೋನಿನಲ್ಲಿ ಪ್ರತಿಸಲವೂ ಕೇಳುತ್ತಿದ್ದರು, "ಅವರಿಬ್ಬರೂ ರಾಜಿ ಆದ್ರಾ?" ಆ ಕಾಲಂ ಬಗ್ಗೆ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ತೀರಿಹೋಗಿ ಆರು ವರ್ಷ. ತಂದೆಯ ಸಭೆ ತಂದೆಯ ತಪ್ಪಿನಿಂದಲೇ ಒಡೆಯಿತೆಂದು ಮಗಳು ಇಂದಿಗೂ ನಂಬಿದ್ದಾಳೆ.

ಇವತ್ತು ಮೂರು ಸಲ ಹರಿದು, ನಾಲ್ಕನೆಯ ಸಲ ಅವಳಿಗೆ ಪತ್ರ ಬರೆದೆ: ಆ ಗೆರೆ ಎಳೆದವಳು ನಾನು, ನಿನ್ನ ತಂದೆಯಲ್ಲ. ಸಂಜೆ ಐದಕ್ಕೆ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.