ಶೆಟ್ರಿಗೆ ಕೊಟ್ಟ ಬೆಲ್ಲ ನೀರು

ನನಗೆ ‘ಬೇಡ’ ಎನ್ನಲು ಬರುವುದಿಲ್ಲ. ಇದನ್ನು ನೀವು ವಿನಯ ಎಂದು ತಿಳಿದು ನನ್ನನ್ನು ಹೊಗಳಬಾರದು. ಹುಟ್ಟಿನಿಂದಲೇ ಬಂದ ಕೊರತೆ ಇದು. ನೆಂಟರ ಮನೆಯಲ್ಲಿ ಎಂಟನೆಯ ನೀರುದೋಸೆ ಎಲೆಗೆ ಬೀಳುವ ಹೊತ್ತಿಗೆ ನನ್ನ ಕೈಯೇನೋ ಅಡ್ಡ ಹೋಗುತ್ತದೆ, ಬಾಯಿ ಮಾತ್ರ ‘ಅರ್ಧ ಹಾಕಿ’ ಎಂದುಬಿಡುತ್ತದೆ. ಕ್ಷೌರದಂಗಡಿಯವರು ‘ಸ್ವಲ್ಪ ಎಣ್ಣೆ ಹಾಕಿ ತಲೆ ತಟ್ಟುವುದಾ?’ ಎಂದು ಕೇಳಿದರೆ, ಆಫೀಸಿಗೆ ತಡವಾದದ್ದು ಗೊತ್ತಿದ್ದೂ ತಲೆ ಬಗ್ಗಿಸಿ ಕೂರುತ್ತೇನೆ. ನನ್ನ ಹೆಂಡತಿ ಸುಮತಿಗೆ ಈ ವಿಷಯದಲ್ಲಿ ಹೇಳುವುದಕ್ಕೆ ಬಹಳ ಇದೆ. ಅದನ್ನೆಲ್ಲ ಇಲ್ಲಿ ಬರೆದರೆ ಪ್ರಬಂಧ ಅವಳದ್ದಾಗುತ್ತದೆ.

ಇಂಥವನು ಹೊಟ್ಟೆಪಾಡಿಗೆ ಸೇರಿಕೊಂಡದ್ದು ಮಂಗಳೂರಿನ ತಂತಿ ಕಚೇರಿಗೆ. ಕೌಂಟರಿಗೆ ಬಂದವರು ಮೂವತ್ತು ಶಬ್ದ ಗೀಚಿ ತಂದರೆ ಅದನ್ನು ಎಂಟಕ್ಕೆ ಇಳಿಸಿಕೊಡುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಊರವರ ‘ಬೇಡ’ಗಳನ್ನೆಲ್ಲ, ಆ ಸಂಬಂಧ ಬೇಡ, ಈ ತಿಂಗಳು ಹೊರಡುವುದು ಬೇಡ, ಗಾಬರಿ ಬೇಡ, ಒಂದನ್ನೂ ತಪ್ಪಿಸದೆ ಮುಂಬಯಿಗೂ ದುಬಾಯಿಗೂ ಕಳಿಸಿದವನು ನಾನು. ನಮ್ಮಲ್ಲಿ ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ತಂತಿಯಲ್ಲಿ ಹೋದದ್ದನ್ನು ಬಾಯಲ್ಲಿ ಆಡಬಾರದು, ಹೆಂಡತಿಯ ಹತ್ತಿರವೂ. ಈ ನಿಯಮ ಮುಂದೆ ಬೇಕಾಗುತ್ತದೆ, ಸ್ವಲ್ಪ ನೆನಪಿನಲ್ಲಿಡಿ.

ಎಂಬತ್ತರ ದಶಕದ ಆರಂಭದಲ್ಲಿ ನಾವು ಒಂದು ಫ್ಲ್ಯಾಟು ಕೊಂಡೆವು. ನಂತೂರಿನಲ್ಲಿ ಬಸ್ಸಿಳಿದು, ಲಾರಿಗಳಿಂದ ಜೀವ ಉಳಿಸಿಕೊಂಡು ಒಳದಾರಿಗೆ ತಿರುಗಿದರೆ ಸಿಗುವ ಎಂಟು ಮನೆಗಳ ಕಟ್ಟಡ. ಆಗ ಮಂಗಳೂರಿಗೆ ಫ್ಲ್ಯಾಟು ಹೊಸತು. ‘ಮೇಲೆ ಒಬ್ಬರು, ಕೆಳಗೆ ಒಬ್ಬರು, ನಡುವೆ ನೀವು, ತೆಂಗಿನ ಮರ ಯಾರದ್ದು?’ ಎಂದು ನಮ್ಮ ಚಿಕ್ಕಪ್ಪ ಗಂಭೀರವಾಗಿ ಕೇಳಿದ್ದರು. ಕಟ್ಟಿಸಿದವರು ಮಂಜಣ್ಣ ಶೆಟ್ರು. ಊರಿಗೇ ಹಿರಿಯರೆನಿಸಿದ ಗುತ್ತಿನ ಮನೆತನ, ಊರಲ್ಲಿ ಗದ್ದೆ, ಪೇಟೆಯಲ್ಲಿ ಎರಡು ಹೋಟೆಲು, ಮೈಮೇಲೆ ಯಾವಾಗಲೂ ಇಸ್ತ್ರಿ ಕೆಡದ ಬಿಳಿ ಮುಂಡು. ಗೋಡೆ ಗಟ್ಟಿ, ಬಾಗಿಲು ಹಲಸಿನದ್ದು. ಶೆಟ್ರ ಕೆಲಸಕ್ಕೆ ನಾವು ಹೆಸರಿಡುವ ಹಾಗೆ ಏನೂ ಇರಲಿಲ್ಲ, ಬಾವಿಯೊಂದನ್ನು ಬಿಟ್ಟು.

ಬಾವಿ ಎಂಟು ಮನೆಗೂ ಸೇರಿದ್ದು. ನಳ್ಳಿಯಲ್ಲಿ ನೀರು ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ, ಅದೂ ಮನಸ್ಸು ಬಂದರೆ. ಉಳಿದದ್ದಕ್ಕೆಲ್ಲ ಬಾವಿಯೇ ಗತಿ. ಕಟ್ಟಡ ಏಳುವಾಗ ಆ ಬಾವಿಯನ್ನು ನೋಡಿಕೊಂಡವರಿಲ್ಲ. ಹರಿದ ಸಿಮೆಂಟು ಗೋಣಿ, ಹಲಗೆ ಚೂರು, ಒಡೆದ ಹಂಚು, ಎಲ್ಲ ಅದರೊಳಗೆ ಸೇರಿತ್ತು. ಪಂಪು ಹಾಕಿದರೆ ಹಳದಿ ನೀರು ಬರುತ್ತಿತ್ತು. ಮೇಲೆ ತೆಳ್ಳಗೆ ಎಣ್ಣೆಯ ಪದರ, ಕೊಳೆತ ಗೋಣಿಯ ವಾಸನೆ. ಕುಡಿಯುವ ನೀರಿಗೆ ಪಕ್ಕದ ಹಿತ್ತಿಲಿನ ಫ್ಲೋರಿನ್ ಬಾಯಿಯವರ ಬಾವಿಗೆ ಕೊಡಪಾನ ಹಿಡಿದುಕೊಂಡು ಹೋಗುತ್ತಿದ್ದೆವು. ಫ್ಲೋರಿನ್ ಬಾಯಿ ಒಂದು ದಿನವೂ ಮುಖ ಸಣ್ಣ ಮಾಡಿದವರಲ್ಲ. ಆದರೆ ಎಂಟು ಮನೆಯವರು ದಿನಾ ಬೆಳಿಗ್ಗೆ ಸಾಲುಗಟ್ಟಿ ಹೋಗುವಾಗ ಮುಖ ಸಣ್ಣದಾಗುತ್ತಿದ್ದದ್ದು ನಮ್ಮದೇ.

ಜಗಳ ಸುರುವಾದದ್ದು ಶೆಟ್ರು ಬಾವಿಯನ್ನೂ ಪಂಪುಶೆಡ್ಡನ್ನೂ ನಮಗೆ ಒಪ್ಪಿಸಿ ಕೈತೊಳೆದುಕೊಳ್ಳಲು ಹೊರಟಾಗ. ‘ಮನೆ ನಿಮ್ಮದಾಯಿತು, ಬಾವಿಯನ್ನೂ ನೀವೇ ನೋಡಿಕೊಳ್ಳಿ, ಬೀಗದ ಕೈ ತೆಗೆದುಕೊಳ್ಳಿ’ ಎಂದು ಅವರು. ‘ಮೊದಲು ಕೆಸರು ತೆಗೆಸಿ, ಆಮೇಲೆ ಬೀಗದ ಕೈ’ ಎಂದು ನಾವು. ‘ಒಂದು ವರ್ಷದಿಂದ ನೀರು ಎಳೆದವರು ನೀವು, ಕೆಡಿಸಿದವರೂ ನೀವೇ’ ಎಂದು ಮತ್ತೆ ಅವರು. ತಾರಸಿಯ ಮೇಲೆ ಸಭೆ ಸೇರಿ, ಯಾವ ಕಾರಣಕ್ಕೂ ಆ ಬೀಗದ ಕೈಯನ್ನು ಯಾರೂ ಮುಟ್ಟಬಾರದು ಎಂದು ತೀರ್ಮಾನ ಮಾಡಿದೆವು. ಮುಟ್ಟಿದರೆ ಬಾವಿ ಇದ್ದ ಹಾಗೆಯೇ ಒಪ್ಪಿಕೊಂಡಂತೆ. ಅದೇ ಸಭೆಯಲ್ಲಿ ನನ್ನನ್ನು ಸೆಕ್ರೆಟರಿ ಮಾಡಿದರು. ನಾನು ಯಾಕೆ ಆದೆ ಎಂದು ನೀವು ಕೇಳಲಾರಿರಿ.

ನಮಗೆಲ್ಲ ಇದು ಹಟದ ಮಾತು. ಕೆಳಗಿನ ಮನೆಯ ಗಿರಿಜಕ್ಕನಿಗೆ ಮಾತ್ರ ಹಾಗಲ್ಲ. ಅವರ ಒಬ್ಬಳೇ ಮಗಳು ಕಾವೂರಿನಲ್ಲಿ ಗಂಡನ ಮನೆಯಲ್ಲಿದ್ದಳು, ಜೂನಿನಲ್ಲಿ ಹೆರಿಗೆ. ಚೊಚ್ಚಲು, ತಾಯಿಮನೆಗೆ ಕರೆತರಬೇಕು. ನಮ್ಮ ಕಡೆ ಬಾಣಂತಿಯನ್ನು ಮೀಯಿಸುವುದೆಂದರೆ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು, ಅದಾದ ಮೇಲೆ ಮಗುವಿನ ಸರದಿ. ಅಷ್ಟು ನೀರನ್ನು ಫ್ಲೋರಿನ್ ಬಾಯಿಯ ಬಾವಿಯಿಂದ ಹೊರಲು ಗಿರಿಜಕ್ಕನ ಸೊಂಟ ಕೇಳುವುದಿಲ್ಲ. “ಈ ನೀರನ್ನು ಹಸುಗೂಸಿನ ತಲೆಗೆ ಹೊಯ್ಲಿಕ್ಕೆ ಉಂಟಾ? ಅವಳನ್ನು ಎಂತ ಹೇಳಿ ಕರ್ಕೊಂಡು ಬರುದು ನಾನು?” ಎಂದು ಅವರು ಸುಮತಿಯ ಹತ್ತಿರ ಕಣ್ಣೊರೆಸಿಕೊಂಡಿದ್ದರು. ಬಾವಿಗೆ ಜನ ಇಳಿಯುವುದು ನೀರು ತಳ ಕಂಡಾಗ, ಮೇ ಕೊನೆಯ ಪತ್ತನಾಜೆಯ ಆಸುಪಾಸು. ಆ ದಿನ ಕಳೆದರೆ ಊರ ಭೂತಕೋಲ, ಯಕ್ಷಗಾನದಾಟ ಎಲ್ಲ ನಿಂತು ಮಳೆಗೆ ಕಾಯುವುದೇ ಕೆಲಸ. ಮಳೆ ಹಿಡಿದರೆ ಬಾವಿಯ ಮಾತು ಮುಂದಿನ ವರ್ಷಕ್ಕೆ. ಮೇ ತಿಂಗಳು ಆಗಲೇ ಅರ್ಧ ಮುಗಿದಿತ್ತು.

ಹೀಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಶೆಟ್ರು ಪಂಪುಶೆಡ್ಡಿನ ಎದುರು ಗಣಹೋಮ ಮಾಡಿಸಿದರು. ಹೋಮಕ್ಕೆ ಆಕ್ಷೇಪ ಮಾಡುವುದು ಹೇಗೆ? ಹೊಗೆ ಕುಡಿದು ಮನೆಗೆ ಬಂದು ನಾನು ಆಫೀಸಿನ ಅಂಗಿ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಶೆಟ್ರು, ಹಿಂದೆ ಭಟ್ಟರು. ಶೆಟ್ರ ಕೈಯಲ್ಲಿ ಹರಿವಾಣ, ಹರಿವಾಣದಲ್ಲಿ ಬಾಳೆಲೆ, ಎಲೆಯಲ್ಲಿ ಅಪ್ಪ, ಪಂಚಕಜ್ಜಾಯ, ಗರಿಕೆ, ಒಂದು ಕೇಪಳದ ಹೂ. “ಪ್ರಸಾದ,” ಎಂದರು. ನಾನು ಎರಡೂ ಕೈಯೊಡ್ಡಿ ಹರಿವಾಣವನ್ನೇ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಒತ್ತಿಕೊಳ್ಳುವಾಗ ಎಲೆಯ ಅಡಿಯಿಂದ ಏನೋ ಕಣಕಣ ಎಂದಿತು. ಎಲೆ ಸರಿಸಿ ನೋಡಿದರೆ ಪಂಪುಶೆಡ್ಡಿನ ಬೀಗದ ಕೈ!

“ಒಪ್ಪಿಕೊಂಡ್ರಲ್ಲ ಸೆಕ್ರೆಟ್ರಿಗಳೇ, ಸಂತೋಷ,” ಎಂದರು ಶೆಟ್ರು. “ಕಾಗದಕ್ಕೊಂದು ಸೈನ್ ಆದ್ರೆ ಮುಗೀತು. ಆದಿತ್ಯವಾರ ಸಂಜೆ ಬರ್ತೇನೆ.”

ನಾನು ಪ್ರಸಾದ ಬೇರೆ, ಬೀಗದ ಕೈ ಬೇರೆ ಎನ್ನಬಹುದಿತ್ತು. ಆದರೆ ಕಣ್ಣಿಗೊತ್ತಿಕೊಂಡದ್ದಾಗಿತ್ತು, ಭಟ್ಟರು ನೋಡಿದ್ದಾಗಿತ್ತು. ಒಂದು ಕೈಯಿಂದ ಇನ್ನೊಂದು ಕೈಗೆ ವಸ್ತು ದಾಟುವ ವಿಷಯದಲ್ಲಿ ನಮ್ಮ ಹಿರಿಯರು ಕಾಗದವನ್ನು ಅಷ್ಟು ನಂಬಿದವರಲ್ಲ. ದಾನ ಕೊಡುವಾಗ ಕೈಗೆ ನೀರು ಬಿಟ್ಟರೆ ಕೊಟ್ಟದ್ದು ಕೊಟ್ಟ ಹಾಗೆ. ಮದುವೆಯಲ್ಲಿ ಕೈಮೇಲೆ ಕೈಯಿಟ್ಟು ಧಾರೆ ಎರೆದರೆ ಮುಗಿಯಿತು, ಆಮೇಲೆ ಅಳಿಯ ಕುಂಟುತ್ತಾನೆ, ಸೊಸೆ ಗೊರಕೆ ಹೊಡೆಯುತ್ತಾಳೆ ಎಂದು ದೂರಿದರೆ ಕೇಳುವವರಿಲ್ಲ. ಹೀಗೆ ಯೋಚಿಸುತ್ತ ನಾನು ಒಂದು ಅಪ್ಪ ತಿಂದೆ. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ತಾರಸಿಯ ಸಭೆಯಲ್ಲಿ ನನ್ನನ್ನು ಮನೆಯಲ್ಲಿ ಸುಮತಿ ಹುರಿದದ್ದಕ್ಕಿಂತ ಚೆನ್ನಾಗಿ ಹುರಿದರು. ಮೇಲಿನ ಮಹಡಿಯ ಕಾಮತರಂತೂ, “ಎಂತ ಮಾರಾಯ್ರೆ ನೀವು, ಒಂದು ಅಪ್ಪಕ್ಕೆ ಬಾವಿ ಕೊಟ್ಟು ಬಂದ್ರಲ್ಲ!” ಎಂದರು. ಎರಡು ಅಪ್ಪ ಎಂದು ನಾನು ತಿದ್ದಲಿಲ್ಲ. ಬೈಯದೆ ಇದ್ದವರು ಗಿರಿಜಕ್ಕ ಒಬ್ಬರೇ. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ಅವರೆಂದರು: “ಆಗ್ಲಿ ಬಿಡಿ. ಪ್ರಸಾದ ಬೇಡ ಅನ್ಲಿಕ್ಕೆ ಇವರಿಗೆ ಆಗ್ಲಿಲ್ಲ. ಶೆಟ್ರು ಗುತ್ತಿನ ಮನೆಯವರು, ಬೆಲ್ಲ ನೀರು ಬೇಡ ಅನ್ಲಿಕ್ಕೆ ಅವರಿಗೂ ಆಗುದಿಲ್ಲ. ಆದಿತ್ಯವಾರ ನನ್ನ ಮನೆಯಲ್ಲೇ ಕೂರಿಸಿ.”

ಬೆಲ್ಲ ನೀರಿನ ವಿಷಯ ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನಮ್ಮಲ್ಲಿ ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡುವುದು ಕಾಫಿಯಲ್ಲ. ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಅದನ್ನು ಮುಟ್ಟದೆ ಎದ್ದವನು ಆ ಮನೆಯ ಹೊಸಿಲನ್ನೇ ಅವಮಾನಿಸಿದ ಹಾಗೆ. ಗಿರಿಜಕ್ಕ ಹಾಕಿದ ಲೆಕ್ಕ ಸರಳವಾಗಿತ್ತು. ನೀರು ನಮ್ಮ ಬಾವಿಯದ್ದು, ಶೆಟ್ರು ಕುಡಿಯಲಾರರು, ಕೆಳಗಿಟ್ಟರೆ ಬಾವಿ ಕೆಟ್ಟದ್ದೆಂದು ಅವರೇ ಹೇಳಿದಂತೆ.

ಆದಿತ್ಯವಾರ ಶೆಟ್ರು ಬಂದರು. ಎಂಟು ಮನೆಯವರೂ ಗಿರಿಜಕ್ಕನ ಜಗಲಿಯಲ್ಲಿದ್ದರು. ಗಿರಿಜಕ್ಕ ಬೆಲ್ಲ ತಂದರು. ಜೊತೆಗೆ ನೀರು, ಬೇಕೆಂದೇ ಗಾಜಿನ ಲೋಟದಲ್ಲಿ. ಸಂಜೆ ಬಿಸಿಲಿಗೆ ಅದು ಸಾರಿನ ತಿಳಿಯ ಬಣ್ಣಕ್ಕೆ ಕಾಣುತ್ತಿತ್ತು. ಶೆಟ್ರು ಲೋಟ ನೋಡಿದರು, ನಮ್ಮೆಲ್ಲರ ಮುಖ ನೋಡಿದರು. ವಿಷಯ ತಿಳಿಯಿತು. ಆದರೆ ನಾವು ಮರೆತದ್ದೊಂದಿತ್ತು, ಅವರ ಹಟ. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು, ಲೋಟ ಎತ್ತಿದರು. ಕುಡಿದೇ ಬಿಡುವವರು ಅವರು. ಕುಡಿದರೆ ಬಾವಿಯ ನೀರು ಒಳ್ಳೆಯದೆಂದಾಗಿ ಅವರ ಮಾತೇ ಗೆದ್ದಂತೆ.

ನಾನು ಕೂತಲ್ಲಿಂದ ಎದ್ದೆ. ಅದಕ್ಕೆ ಕಾರಣ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಶೆಟ್ರ ಹೆಂಡತಿ ನಮ್ಮ ಕೌಂಟರಿಗೆ ಬಂದಿದ್ದರು, ದುಬಾಯಿಯ ಮಗನಿಗೆ ತಂತಿ ಕೊಡಲು. ನಾನು ನಾಲ್ಕು ಶಬ್ದಕ್ಕೆ ಇಳಿಸಿಕೊಟ್ಟೆ: ತಂದೆಗೆ ಕಾಮಾಲೆ ತಕ್ಷಣ ಬಾ. “ಯಾರಿಗೂ ಗೊತ್ತಾಗುದು ಬೇಡ ಆಯ್ತಾ, ಹೋಟೆಲ್ ಉಂಟಲ್ಲ, ಗೊತ್ತಾದ್ರೆ ಜನ ಬರುದಿಲ್ಲ,” ಎಂದು ಅವರು ಕೈಮುಗಿದಿದ್ದರು. ಊರಿಗೆಲ್ಲ ಶೆಟ್ರು ಮುಂಬಯಿಗೆ ಹೋಗಿದ್ದಾರೆ ಎಂದು ಸುದ್ದಿಯಾಗಿತ್ತು. ಕಾಮಾಲೆಯಿಂದ ಈಗಷ್ಟೇ ಎದ್ದ ಮನುಷ್ಯನ ತುಟಿಯ ಹತ್ತಿರ ಆ ಲೋಟ.

“ಬೇಡ!” ಎಂದೆ ನಾನು.

ಧ್ವನಿ ಎಷ್ಟು ಜೋರಾಗಿತ್ತೆಂದರೆ ಸುಮತಿ ತಿರುಗಿ ಯಾರು ಎಂದು ನೋಡಿದಳು. ಕಾಮತರು ಹಲ್ಲು ಕಚ್ಚಿದರು.

“ಎಂತ ಬೇಡ?” ಎಂದರು ಶೆಟ್ರು.

“ಆ ನೀರು ಬೇಡ ಶೆಟ್ರೇ. ನಿಮಗೆ ಅದು ಆಗ್ಲಿಕ್ಕಿಲ್ಲ. *ನಿಮಗೆ* ಆಗ್ಲಿಕ್ಕಿಲ್ಲ.”

ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ. ಶೆಟ್ರು ನನ್ನನ್ನೇ ನೋಡಿದರು. ನಾನು ಎಲ್ಲಿ ಕೆಲಸ ಮಾಡುವವನು ಎಂಬುದು ಅವರಿಗೆ ಆ ಕ್ಷಣ ನೆನಪಾಗಿರಬೇಕು. ಕಣ್ಣು ಸ್ವಲ್ಪ ಕೆಳಗಿಳಿಯಿತು, ಅದರ ಹಿಂದೆಯೇ ಲೋಟವೂ ಇಳಿಯಿತು.

“ಗಿರಿಜಕ್ಕ, ಬೇರೆ ನೀರು ಉಂಟಾ?” ಎಂದು ಅವರೇ ಕೇಳಿದರು. ಗಿರಿಜಕ್ಕ ಓಡಿಹೋಗಿ ಫ್ಲೋರಿನ್ ಬಾಯಿಯ ಬಾವಿಯ ನೀರನ್ನು ತಂದರು, ಜೀರಿಗೆ ಹಾಕಿ ಕುದಿಸಿ ಆರಿಸಿದ್ದು. ಅದನ್ನು ಕೊನೆಯ ಹನಿಯವರೆಗೆ ಕುಡಿದು, “ಮಗಳಿಗೆ ಯಾವಾಗ?” ಎಂದರು. “ಬರುವ ತಿಂಗಳು,” ಎಂದರು ಗಿರಿಜಕ್ಕ. ಶೆಟ್ರು ಎದ್ದು ಬಾವಿಕಟ್ಟೆಗೆ ಹೋದರು. ನನ್ನ ಮನೆಯಿಂದ ಮುಖ ಕ್ಷೌರದ ಕನ್ನಡಿ ತರಿಸಿ, ಇಳಿಬಿಸಿಲನ್ನು ಅದರಲ್ಲಿ ಹಿಡಿದು ಬಾವಿಯ ಒಳಗೆ ಬಿಟ್ಟು ನೋಡಿದರು. ಬೆಳಕಿನ ತುಂಡು ಗೋಣಿಯ ಮೇಲೆ, ಹಲಗೆಯ ಮೇಲೆ, ಹಂಚಿನ ಮೇಲೆ ಓಡಾಡಿತು. ಅವರು ಕನ್ನಡಿಯನ್ನು ಮುಂಡಿನ ತುದಿಯಲ್ಲಿ ಒರೆಸಿ ವಾಪಸು ಕೊಟ್ಟರು.

“ಮಂಗಳವಾರ ಜನ ಬರ್ತಾರೆ. ಆ ಕೀ ಇತ್ತ ಕೊಡಿ,” ಎಂದರು. “ಪ್ರಸಾದ ನೀವೇ ಇಟ್ಕೊಳ್ಳಿ.”

ಬೀಗದ ಕೈ ನನ್ನ ಕೈಯಿಂದ ಹೋದಾಗ ಆದ ನಿರಾಳ ಸಣ್ಣದಲ್ಲ. ಎರಡು ದಿನ ಅದು ನನ್ನ ಕಿಸೆಯಲ್ಲಿ ಕೂತು ಊಟ ಸೇರಲು ಬಿಟ್ಟಿರಲಿಲ್ಲ.

ಐದು ಜನ ಮೂರು ದಿನ ಇಳಿದು ಹತ್ತಿದರು. ಗೋಣಿಗಳು ಬಂದವು, ಒಂದು ಕಬ್ಬಿಣದ ಬಾಣಲೆ ಬಂತು, ಒಂಟಿ ಚಪ್ಪಲಿ ಬಂತು. ಮೂರನೆಯ ದಿನ ಕೆಳಗಿನಿಂದ ಒಬ್ಬರು “ಒರತೆ ಬಂತು!” ಎಂದು ಕೂಗಿದರು. ನಾವು ಹದಿನೈದಿಪ್ಪತ್ತು ತಲೆ ಬಾವಿಕಟ್ಟೆಯ ಸುತ್ತ ಬಗ್ಗಿದೆವು. ಕಲ್ಲಿನ ಸಂದಿನಿಂದ ಬೆರಳು ದಪ್ಪದ ನೀರು, ತಿಳಿಯಾಗಿ, ಅವಸರವಿಲ್ಲದೆ ಇಳಿಯುತ್ತಿತ್ತು. ಗಿರಿಜಕ್ಕ ಮೊದಲ ಕೊಡಪಾನದಿಂದ ಬೊಗಸೆ ತುಂಬಿ ಕುಡಿದು ಅಲ್ಲೇ ಕೂತು ಅತ್ತರು. ವಾರದಲ್ಲಿ ಮಳೆ ಹಿಡಿಯಿತು. ಅಷ್ಟರಲ್ಲಿ ಮಗಳು ಬಂದಾಗಿತ್ತು.

ಶೆಟ್ರು ಬೀಗದ ಕೈ ತಂದುಕೊಟ್ಟದ್ದು ಮಗುವಿಗೆ ಹದಿನಾರು ದಿನವಾದ ಮೇಲೆ. “ಈ ಸಲ ಪ್ರಸಾದ ಇಲ್ಲ, ಬರೇ ಕೀ,” ಎಂದು ನಕ್ಕರು. ಕೂರುವ ಮೊದಲೇ ಬೆಲ್ಲ ನೀರು ಕೇಳಿ ಕುಡಿದರು. ನಾನು ಕಾಗದಕ್ಕೆ ಸೈನ್ ಮಾಡಿದೆ. ತಂತಿಯ ಮಾತು ನಮ್ಮಿಬ್ಬರ ನಡುವೆ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಈಗ ಅವರು ಹೋಟೆಲುಗಳನ್ನು ಮಾರಿದ್ದಾರೆ. ಸಿಕ್ಕಿದವರಿಗೆಲ್ಲ ತಮ್ಮ ಕಾಮಾಲೆಯ ಕತೆಯನ್ನು ನೆಲನೆಲ್ಲಿಯ ಮದ್ದಿನ ಸಮೇತ ಹೇಳುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಒಮ್ಮೆ ಬಾಯಿಗೆ ಬಂದ ಶಬ್ದ ಇನ್ನು ಸಲೀಸಾಗಿ ಬರುತ್ತದೆ ಎಂದು ನಾನೂ ನಂಬಿದ್ದೆ. ಶೆಟ್ರು ಬೀಗದ ಕೈ ತಂದುಕೊಟ್ಟ ದಿನವೇ ಗಿರಿಜಕ್ಕನ ಮನೆಯಲ್ಲಿ ಒಂಬತ್ತನೆಯ ನೀರುದೋಸೆ ಎಲೆಗೆ ಬಿತ್ತು. ಕಾಮತರು, “ಸೆಕ್ರೆಟ್ರಿ ಇವರೇ ಇರ್ಲಿ ಮಾರಾಯ್ರೆ,” ಎಂದರು. ಎರಡಕ್ಕೂ ನಾನು ಬಾಯಿ ತೆರೆದೆ, ಎರಡೂ ಒಳಗೆ ಹೋದವು. ಇಂದಿಗೂ ಬೆಳಿಗ್ಗೆ ಪಂಪು ಹಾಕುವವನು ನಾನೇ. ಮೊನ್ನೆ ಪಂಪು ಹಾಕಿ ನಿಂತಿದ್ದಾಗ ಆ ಮಳೆಗಾಲ ಹುಟ್ಟಿದ ಗಿರಿಜಕ್ಕನ ಮೊಮ್ಮಗಳು, ಈಗ ಆರು ವರ್ಷದವಳು, ಅಜ್ಜಿಮನೆಯ ಬಚ್ಚಲಿನಿಂದ, ಸೋಪು ಕಣ್ಣಿಗೆ ಹೋಗಿ, “ಬೇಡ, ಬೇಡ, ಬೇಡ!” ಎಂದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು. ನೀರು ಸುರಿಯುವ ಸದ್ದು ನಿಲ್ಲಲಿಲ್ಲ. ನನ್ನ ಪಾಲಿಗೆ ಸಿಕ್ಕಿದ್ದು ಒಂದೇ ‘ಬೇಡ’; ಅದು ಸರಿಯಾದ ವಿಳಾಸಕ್ಕೆ ಹೊತ್ತಿಗೆ ಮುಟ್ಟಿತು. ತಂತಿ ಕಚೇರಿಯವನಿಗೆ ಅಷ್ಟು ಸಾಕು.